ಸರ್ಕಾರಿ ಕಟ್ಟಡಗಳಲ್ಲಿ ವಿದ್ಯುತ್ ಉಳಿತಾಯ ಮತ್ತು ನವೀಕರಿಸಬಹುದಾದ ಶಕ್ತಿ: ತುಮಕೂರು, ಗುಬ್ಬಿ, ಕುಣಿಗಲ್

ಸರ್ಕಾರದ ಒಡೆತನದಲ್ಲಿರುವ ಕಚೇರಿ, ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯ, ನ್ಯಾಯಾಲಯ, ಠಾಣೆ ಮುಂತಾದ ಕಟ್ಟಡಗಳಲ್ಲಿ ಕೆಲಸಕ್ಕೆ ಕುಂದು ಬಾರದಂತೆ ವಿದ್ಯುತ್ತಿನ ಖರ್ಚು ತಗ್ಗಿಸುವುದು, ಉಳಿದ ಅಗತ್ಯವನ್ನು ಆದಷ್ಟು ಬಿಸಿಲು, ಜೈವಿಕ ಅನಿಲ ಮೊದಲಾದ ಬತ್ತದ ಮೂಲಗಳಿಂದ ತುಂಬಿಕೊಳ್ಳುವುದು ಈ ಲೇಖನದ ವಿಷಯ. ತುಮಕೂರು ಜಿಲ್ಲೆಯ ಮೂರು ಊರುಗಳಲ್ಲಿ ತುಮಕೂರಿನದು ಮಹಾನಗರ ಪಾಲಿಕೆ, ಕುಣಿಗಲ್‌ನದು ಪುರಸಭೆ, ಗುಬ್ಬಿಯದು ಪಟ್ಟಣ ಪಂಚಾಯಿತಿ. ಮೂರರ ಅಳತೆ ಬೇರೆ ಬೇರೆಯಾದರೂ ಮೂರೂ ಕಡೆ ಕಾಣುವ ಸರ್ಕಾರಿ ಕಟ್ಟಡಗಳ ಬಗೆ ಒಂದೇ: ತಾಲ್ಲೂಕು ಕಚೇರಿ, ಸಾರ್ವಜನಿಕ ಆಸ್ಪತ್ರೆ, ಪ್ರಥಮ ದರ್ಜೆ ಕಾಲೇಜು, ಹಿಂದುಳಿದ ವರ್ಗಗಳ ಹಾಗೂ ಸಮಾಜ ಕಲ್ಯಾಣ ಇಲಾಖೆಗಳ ಹಾಸ್ಟೆಲ್‌ಗಳು. ಸುತ್ತಲಿನ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಂಥಾಲಯ. ಇವಕ್ಕೆಲ್ಲ ವಿದ್ಯುತ್ ಬರುವುದು 2002ರಲ್ಲಿ ಕೆಲಸ ಆರಂಭಿಸಿದ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂನಿಂದ. ಪ್ರತಿ ಕಟ್ಟಡಕ್ಕೂ ಅದರದೇ ಸಂಪರ್ಕ ಸಂಖ್ಯೆ, ಅಂದರೆ ಆರ್‌ಆರ್ ನಂಬರ್ ಉಂಟು, ತಿಂಗಳಿಗೊಂದು ಬಿಲ್ಲು ಉಂಟು.

ಸೂರ್ಯನ ವಿಷಯದಲ್ಲಿ ತುಮಕೂರು ಜಿಲ್ಲೆಗೆ ಕೊರತೆಯಿಲ್ಲ. ಜಿಲ್ಲೆಯ ಈಶಾನ್ಯದಲ್ಲಿ, ಆಂಧ್ರದ ಗಡಿಗೆ ಚಾಚಿಕೊಂಡ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಉದ್ಯಾನ ಇದೆ. 2018ರ ಮಾರ್ಚ್ 1ರಂದು ಅದರ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ ಪೂರ್ಣ ಸಾಮರ್ಥ್ಯ ಮುಟ್ಟಿತು. ರೈತರ ಭೂಮಿಯನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಆದರೆ ಅಲ್ಲಿ ಹುಟ್ಟಿದ ವಿದ್ಯುತ್ ರಾಜ್ಯದ ಜಾಲ ಸೇರುತ್ತದೆ. ಅದೇ ಜಿಲ್ಲೆಯ ಒಂದು ಪ್ರೌಢಶಾಲೆಯ ಹಳೆ ಫ್ಯಾನು, ಚೋಕ್ ಕೆಟ್ಟ ಟ್ಯೂಬ್‌ಲೈಟು, ಆಸ್ಪತ್ರೆಯ ಸುಣ್ಣ ಕಟ್ಟಿದ ಸೋಲಾರ್ ಹೀಟರು ಪಾವಗಡದಿಂದ ಸರಿಯಾಗುವುದಿಲ್ಲ. ಕಟ್ಟಡದೊಳಗಿನ ಶಕ್ತಿಯ ಪ್ರಶ್ನೆ ಬೇರೆಯದೇ. ಬಳಸುವವರ ಕಡೆಯಿಂದ ಶಕ್ತಿಯ ಲೆಕ್ಕ ಹಾಕುವ ಕೆಲಸವನ್ನು ಮೊದಲೇ ಕೈಗೆತ್ತಿಕೊಂಡ ಜಾಗಗಳಲ್ಲಿ ಒಂದು ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕು.

ಉಂಗ್ರ, ಪುರ, ಹೊಸಹಳ್ಳಿ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯಲ್ಲೇ ನಿಂತು ರೂಪಿಸಬೇಕೆಂಬುದು ಅವರ ಹಟ. ಅದಕ್ಕಾಗಿ ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ. ಅಲ್ಲಿನ ವಿಸ್ತರಣಾ ಕೇಂದ್ರದ ಸುತ್ತಲಿನ ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ನೀರು ಹೊರಲು ಯಾರು ಎಷ್ಟು ಹೊತ್ತು ಕಳೆಯುತ್ತಾರೆ, ಸೀಮೆಎಣ್ಣೆಗೆ ಎಷ್ಟು ಹೋಗುತ್ತದೆ ಎಂಬ ಲೆಕ್ಕವನ್ನು ವಿಜ್ಞಾನಿಗಳು ಮನೆಮನೆ ಸುತ್ತಿ ತೆಗೆದರು. ಕಡಿಮೆ ಸೌದೆಯಲ್ಲಿ ಹೆಚ್ಚು ಬೇಯಿಸುವ ಅಸ್ತ್ರ ಒಲೆ ಆ ಅಧ್ಯಯನದಿಂದ ಬಂತು. ಸುಡದೆ, ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯ ಮೇಲೆ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ನಡೆಸಿದ ಕೆಲಸವೂ ಇದೇ ಕೇಂದ್ರದ್ದು.

ಅದೇ ತಾಲ್ಲೂಕಿನ ಪುರ ಎಂಬ ಚಿಕ್ಕ ಹಳ್ಳಿಯಲ್ಲಿ 1987ರಿಂದ ಸಮುದಾಯ ಗೋಬರ್ ಅನಿಲ ಸ್ಥಾವರ ವಿದ್ಯುತ್ ಕೊಡತೊಡಗಿತು. ಮನೆಗಳವರು ಸಗಣಿ ತಂದು ಹಾಕುವರು, ಅದಕ್ಕೆ ಪ್ರತಿಫಲ ಪಡೆಯುವರು, ಅನಿಲ ತೆಗೆದ ಗೊಬ್ಬರವನ್ನು ಹೊಲಕ್ಕೆ ಒಯ್ಯುವರು. ಅನಿಲದಿಂದ ನಡೆಯುವ ಎಂಜಿನ್ನು ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಡುತ್ತಿತ್ತು, ಮನೆಗಳಿಗೆ ದೀಪ ಕೊಡುತ್ತಿತ್ತು. ನಡೆಸುವ ಹೊಣೆ ಊರಿನ ಸಮಿತಿಯದು. ಎಂಜಿನ್ ನೋಡಿಕೊಳ್ಳುವವರು ಊರಿನ ಹುಡುಗರೇ. ಹತ್ತಿರದ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯಿಂದ ಅನಿಲ ತೆಗೆಯುವ ಗ್ಯಾಸಿಫೈಯರ್ ಬಂತು. ಇದರ ಮುಂದುವರಿಕೆಯೆಂಬಂತೆ, ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟ್‌ನ ಗ್ಯಾಸಿಫೈಯರ್ ಸ್ಥಾವರ ಕಟ್ಟಿತು. 2007ರಿಂದ ಅದು ಬೆಸ್ಕಾಂ ಜಾಲಕ್ಕೆ ವಿದ್ಯುತ್ ಮಾರಿತು.

ಕಬ್ಬಿಗೆರೆಯ ಯಂತ್ರಗಳು ತಮ್ಮ ಸಾಮರ್ಥ್ಯಕ್ಕೆ ತಕ್ಕಷ್ಟು ಹೊತ್ತು ಓಡಲಿಲ್ಲ. ಸೌದೆ ಒದಗಿಸುವ ಖರ್ಚು, ಕೂಲಿ, ಬಿಡಿಭಾಗ, ವಿದ್ಯುತ್ತಿಗೆ ಸಿಗುವ ದರ ಒಂದಕ್ಕೊಂದು ಹೊಂದಲಿಲ್ಲ. ಪುರದಲ್ಲಿ ಊರೇ ನಡೆಸಿದ ಚಿಕ್ಕ ಸ್ಥಾವರ ಹಲವು ವರ್ಷ ನಡೆದದ್ದನ್ನೂ, ಅದಕ್ಕಿಂತ ಎಷ್ಟೋ ದೊಡ್ಡ ಹಣದ ಕಬ್ಬಿಗೆರೆ ಕುಂಟಿದ್ದನ್ನೂ ಜೊತೆಗಿಟ್ಟು ನೋಡಿದರೆ, ದಿನವೂ ಯಂತ್ರ ನೋಡುವವರು ಯಾರು, ಅವರಿಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆಯೇ ಯಾವ ಯೋಜನೆಗೂ ಮೊದಲ ಪ್ರಶ್ನೆ ಎನ್ನಬೇಕಾಗುತ್ತದೆ. ಸರ್ಕಾರಿ ಕಟ್ಟಡಗಳ ತಾರಸಿ ಮೇಲೆ ಇಂದು ಏರುತ್ತಿರುವ ಸೌರ ಫಲಕಗಳಿಗೂ ಈ ಮಾತು ಸಲ್ಲುತ್ತದೆ.

ರೆಡ್ಡಿಯವರ ಇನ್ನೊಂದು ಕೊಡುಗೆ ಕಾಗದದ ಮೇಲಿನದು, ಆದರೆ ಹೆಚ್ಚು ದೂರ ಮುಟ್ಟುವಂಥದ್ದು. 1987ರಲ್ಲಿ ಕರ್ನಾಟಕಕ್ಕೆ ಸಿದ್ಧವಾದ ದೀರ್ಘಾವಧಿ ವಿದ್ಯುತ್ ಯೋಜನೆ ಬೇಡಿಕೆ ಏರುತ್ತಲೇ ಹೋಗುವುದೆಂದು ಹಿಡಿದು ದೊಡ್ಡ ದೊಡ್ಡ ಸ್ಥಾವರಗಳನ್ನು ಕೇಳಿತ್ತು. ರೆಡ್ಡಿ ಮತ್ತು ಸಹೋದ್ಯೋಗಿಗಳು ‘ಡಿಫೆಂಡಸ್’ ಎಂಬ ಬದಲಿ ಲೆಕ್ಕ ಮಂಡಿಸಿದರು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ, ಬೆಳಕು, ನೀರು, ಬೆಂದ ಅನ್ನ. ಅವನ್ನು ದಕ್ಷ ದೀಪ, ದಕ್ಷ ಪಂಪು, ಸೌರ ಹೀಟರುಗಳಿಂದ ಕೊಟ್ಟರೆ ಬೇಕಾಗುವ ವಿದ್ಯುತ್ ಸರ್ಕಾರಿ ಅಂದಾಜಿನ ಅರ್ಧಕ್ಕಿಂತ ಕಡಿಮೆ ಎಂದು ತೋರಿಸಿದರು. ಕಟ್ಟಡಗಳ ಶಕ್ತಿ ನಿರ್ವಹಣೆಯ ತಿರುಳು ಈ ಒಂದು ಲೆಕ್ಕದಲ್ಲಿದೆ.

ಕಾಯ್ದೆ ಮತ್ತು ಆದೇಶಗಳು

ದೇಶದ ಶಕ್ತಿ ಸಂರಕ್ಷಣಾ ಕಾಯ್ದೆ 2001ರದು. ಅದರಡಿ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು; ಫ್ರಿಜ್ಜು, ಫ್ಯಾನುಗಳ ಮೇಲೆ ನಾವು ಕಾಣುವ ನಕ್ಷತ್ರ ಚೀಟಿ ಅದರದು. ವಾಣಿಜ್ಯ ಕಟ್ಟಡಗಳ ಶಕ್ತಿ ಸಂಹಿತೆ 2007ರಲ್ಲಿ ಬಂತು, 2017ರಲ್ಲಿ ಪರಿಷ್ಕಾರಗೊಂಡಿತು. 2009ರಿಂದ ಕಚೇರಿ ಕಟ್ಟಡಗಳಿಗೂ ನಕ್ಷತ್ರ ಕೊಡುವ ಪದ್ಧತಿ ಇದೆ. ವರ್ಷಕ್ಕೆ ಚದರ ಮೀಟರಿಗೆ ಎಷ್ಟು ಯೂನಿಟ್ ಖರ್ಚಾಯಿತು ಎಂಬುದೇ ಅಲ್ಲಿನ ಅಳತೆಗೋಲು. ಕರ್ನಾಟಕದಲ್ಲಿ ಈ ಕಾಯ್ದೆಯ ಜಾರಿಯ ಹೊಣೆ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತದ್ದು. ಜನ ಅದನ್ನು ಕ್ರೆಡೆಲ್ ಎನ್ನುತ್ತಾರೆ.

ರಾಜ್ಯ ಸರ್ಕಾರ 2007ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶ ಆ ಕಾಲಕ್ಕೆ ದಿಟ್ಟ ಹೆಜ್ಜೆ. ಆಸ್ಪತ್ರೆ, ಹಾಸ್ಟೆಲ್ಲು, ದೊಡ್ಡ ಮನೆಗಳಿಗೆ ಸೌರ ನೀರು ಕಾಯಿಸುವ ಸಲಕರಣೆ ಕಡ್ಡಾಯವೆಂದಿತು. ಸರ್ಕಾರಿ ಹಾಗೂ ಅನುದಾನಿತ ಕಟ್ಟಡಗಳಲ್ಲಿ ಬುರುಡೆ ದೀಪ ತೆಗೆದು ಸಿಎಫ್‌ಎಲ್ ಹಾಕಬೇಕೆಂದಿತು. ಬೆಂಗಳೂರಿನ ಮನೆಗಳ ಮೇಲೆ ಸೌರ ಹೀಟರು ಇಷ್ಟೊಂದು ಕಾಣುವುದಕ್ಕೆ ಆ ಆದೇಶವೂ ಬಿಲ್ಲಿನಲ್ಲಿ ಸಿಕ್ಕ ರಿಯಾಯಿತಿಯೂ ಕಾರಣ. ಸಿಎಫ್‌ಎಲ್ ಹಾಕಿ ಮುಗಿಯುವಷ್ಟರಲ್ಲಿ ಎಲ್‌ಇಡಿ ಬಂತು. 2015ರಲ್ಲಿ ಕೇಂದ್ರದ ಉಜಾಲ ಯೋಜನೆ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೂ ಬಂದ ಮೇಲೆ ಎಲ್‌ಇಡಿ ಬಲ್ಬಿನ ಬೆಲೆ ಎಲ್ಲರ ಕೈಗೆಟುಕುವಷ್ಟು ಇಳಿಯಿತು.

ರಾಜ್ಯದ 2022–27ರ ನವೀಕರಿಸಬಹುದಾದ ಇಂಧನ ನೀತಿ 10 ಗಿಗಾವ್ಯಾಟ್ ಹೊಸ ಸಾಮರ್ಥ್ಯದ ಗುರಿ ಇಟ್ಟು, ಅದರಲ್ಲಿ 1 ಗಿಗಾವ್ಯಾಟನ್ನು ತಾರಸಿಗಳಿಗೆಂದು ತೆಗೆದಿಟ್ಟಿತು. 2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಮುಖ್ಯವಾಗಿ ಮನೆಗಳದಾದರೂ, ಸರ್ಕಾರಿ ಕಟ್ಟಡಗಳ ತಾರಸಿಗಳೆಲ್ಲ ಸೌರ ಆಗಬೇಕೆಂಬ ಗುರಿಯನ್ನೂ ಸೇರಿಸಿಕೊಂಡಿದೆ. ದೇಶದ ಮಟ್ಟದಲ್ಲಿ ಮಾದರಿಯೆಂದು ತೋರಿಸುವ ಕಟ್ಟಡ ದೆಹಲಿಯ ಇಂದಿರಾ ಪರ್ಯಾವರಣ ಭವನ. 2014ರಲ್ಲಿ ಉದ್ಘಾಟನೆಯಾದ ಆ ಸಚಿವಾಲಯದ ತಾರಸಿಯಲ್ಲಿ 930 ಕಿಲೋವ್ಯಾಟ್ ಸೌರ ಫಲಕಗಳಿವೆ. ಅಲ್ಲಿ ಕಲಿಯಬೇಕಾದದ್ದು ಫಲಕಗಳ ಸಂಖ್ಯೆಯನ್ನಲ್ಲ. ಮೊದಲು ಕಟ್ಟಡದ ಬೇಡಿಕೆಯನ್ನೇ ಇಳಿಸಿ, ಆಮೇಲೆ ಫಲಕ ಎಷ್ಟು ಬೇಕೆಂದು ಲೆಕ್ಕ ಹಾಕಿದ್ದನ್ನು.

ಗೋಡೆ, ಕಿಟಕಿ, ತಾರಸಿ

ತುಮಕೂರು ಸೀಮೆಯ ಹವೆ ಕಟ್ಟಡ ಕಟ್ಟುವವರಿಗೆ ಉಪಕಾರಿ. ಏಪ್ರಿಲ್‌ನ ಕೆಲವು ವಾರ ಬಿಟ್ಟರೆ ಗಾಳಿಯಾಡುವ ಕೋಣೆಯಲ್ಲಿ ಫ್ಯಾನು ಸಾಕು, ಎಸಿ ಬೇಕಿಲ್ಲ. ಮೈಸೂರು ಸಂಸ್ಥಾನದ ಕಾಲದ ಕಚೇರಿ, ಪ್ರವಾಸಿ ಮಂದಿರ, ಶಾಲೆಗಳಲ್ಲಿ ದಪ್ಪ ಕಲ್ಲುಗೋಡೆ, ಎತ್ತರದ ಚಾವಣಿ, ಗವಾಕ್ಷಿ, ಸುತ್ತ ಜಗಲಿ ಇದ್ದವು. ಮಂಗಳೂರು ಹೆಂಚಿನ ಶಾಲೆಗಳಂತೂ ಹಗಲಲ್ಲಿ ದೀಪ ಕೇಳುತ್ತಿರಲಿಲ್ಲ. ನಂತರ ಬಂದ ತೆಳು ಗೋಡೆಯ, ಬರಿ ಆರ್‌ಸಿಸಿ ತಾರಸಿಯ ಕಟ್ಟಡಗಳು ಮಧ್ಯಾಹ್ನದ ಬಿಸಿಯನ್ನು ಹೀರಿಕೊಂಡು ಸಂಜೆಯವರೆಗೆ ಕೆಳಕ್ಕೆ ಸೂಸುತ್ತವೆ. ಮುಂಭಾಗಕ್ಕೆ ಗಾಜು ಅಂಟಿಸುವ ಈಚಿನ ರೂಢಿ ಇನ್ನೂ ಕೆಟ್ಟದ್ದು. ಲೋಕೋಪಯೋಗಿ ಇಲಾಖೆ ತನ್ನ ನಕ್ಷೆಗಳಲ್ಲಿ ಅದಕ್ಕೆ ಜಾಗ ಕೊಡಬಾರದು.

ಇರುವ ಕಟ್ಟಡಕ್ಕೆ ಅತಿ ಅಗ್ಗದ ಮದ್ದು ತಾರಸಿಗೆ ಬಿಳಿ ಬಳಿಯುವುದು. ಸುಣ್ಣವಾಗಲಿ, ಬಿಸಿಲು ಹಿಮ್ಮೆಟ್ಟಿಸುವ ಬಣ್ಣವಾಗಲಿ, ಮೇಲಿನ ಅಂತಸ್ತಿನ ಕೋಣೆಯ ಬಿಸಿಯನ್ನು ಕೈಗೆ ತಿಳಿಯುವಷ್ಟು ಇಳಿಸುತ್ತದೆ. ಅದಕ್ಕಿಂತ ಅಗ್ಗದ್ದು ಇನ್ನೊಂದಿದೆ. ಬಹಳಷ್ಟು ಕಚೇರಿಗಳಲ್ಲಿ ಕಡತದ ಬೀರುಗಳು ಕಿಟಕಿಗೆ ಅಡ್ಡ ನಿಂತಿರುತ್ತವೆ. ಹಗಲು ಹನ್ನೆರಡಕ್ಕೆ ಟ್ಯೂಬ್‌ಲೈಟು ಉರಿಯುವುದು ಆ ಕಾರಣಕ್ಕೆ. ಬೀರುಗಳನ್ನು ಒಳಗೋಡೆಗೆ ಸರಿಸಿ ಮೇಜುಗಳನ್ನು ಕಿಟಕಿ ಹತ್ತಿರ ಹಾಕಲು ಯಾವ ಟೆಂಡರೂ ಬೇಡ.

ಒಂದು ಲೆಕ್ಕ

60 ಫ್ಯಾನು, 100 ಹಳೆಯ ಟ್ಯೂಬ್‌ಲೈಟು ಇರುವ ಒಂದು ತಾಲ್ಲೂಕು ಮಟ್ಟದ ಕಚೇರಿಯನ್ನು ಊಹಿಸಿಕೊಳ್ಳಬಹುದು. ಹಳೆ ಫ್ಯಾನು 75 ವ್ಯಾಟ್ ಎಳೆಯುತ್ತದೆ. 40 ವ್ಯಾಟ್‌ನ ಟ್ಯೂಬು ತಾಮ್ರದ ಚೋಕ್ ಸೇರಿ ಸುಮಾರು 52 ವ್ಯಾಟ್. ಎರಡೂ ಕೂಡಿ 9.7 ಕಿಲೋವ್ಯಾಟ್. ವರ್ಷಕ್ಕೆ 250 ದಿನ, ದಿನಕ್ಕೆ 8 ಗಂಟೆ ಓಡಿದರೆ 19,400 ಯೂನಿಟ್. ಫ್ಯಾನುಗಳನ್ನು 30 ವ್ಯಾಟ್‌ನ ಬಿಎಲ್‌ಡಿಸಿ ಮೋಟಾರಿನ ಫ್ಯಾನುಗಳಿಗೆ, ಟ್ಯೂಬುಗಳನ್ನು 20 ವ್ಯಾಟ್‌ನ ಎಲ್‌ಇಡಿಗೆ ಬದಲಿಸಿದರೆ ಹೊರೆ 3.8 ಕಿಲೋವ್ಯಾಟ್‌ಗೆ, ವರ್ಷದ ಖರ್ಚು 7,600 ಯೂನಿಟ್‌ಗೆ ಇಳಿಯುತ್ತದೆ. ಗಾಳಿ ಅಷ್ಟೇ, ಬೆಳಕು ಅಷ್ಟೇ ಅಥವಾ ಇನ್ನೂ ಚೆನ್ನ.

ಈಗ ಸೌರಕ್ಕೆ ಬರೋಣ. ನಮ್ಮ ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್, ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಅದಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಹಳೆ ಫ್ಯಾನು, ಹಳೆ ದೀಪ ಇಟ್ಟುಕೊಂಡೇ ಸೌರ ಹಾಕಿದರೆ 14 ಕಿಲೋವ್ಯಾಟ್ ಬೇಕು. ಮೊದಲು ಉಳಿತಾಯ ಮಾಡಿ ಆಮೇಲೆ ಹಾಕಿದರೆ ಐದೂವರೆ ಸಾಕು. ಹಳೆಯದನ್ನು ಬದಲಿಸದೆ ತಾರಸಿ ತುಂಬ ಫಲಕ ಹೊದಿಸುವುದು ಒಡಕು ಬಿಂದಿಗೆಗೆ ದೊಡ್ಡ ನಲ್ಲಿ ತಿರುಗಿಸಿದಂತೆ. ಆದರೂ ಆಗುತ್ತಿರುವುದು ಹೆಚ್ಚಾಗಿ ಅದೇ, ಏಕೆಂದರೆ ಫಲಕ ಉದ್ಘಾಟನೆಗೆ ಕಾಣುತ್ತದೆ, ಫ್ಯಾನಿನೊಳಗಿನ ಮೋಟಾರು ಕಾಣುವುದಿಲ್ಲ.

ಎಸಿ ಇರುವ ಕಡೆ ಮಾತು ಚಿಕ್ಕದು. 2020ರಿಂದ ನಕ್ಷತ್ರ ಚೀಟಿಯ ಎಸಿಗಳು ತಾವಾಗಿ 24 ಡಿಗ್ರಿಗೆ ನಿಲ್ಲುವಂತೆ ಬರುತ್ತಿವೆ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ 6ರಷ್ಟು ಉಳಿತಾಯ. ಸರ್ವರ್ ಕೋಣೆ, ಶಸ್ತ್ರಚಿಕಿತ್ಸಾ ಕೊಠಡಿ, ಔಷಧ ದಾಸ್ತಾನು ಬಿಟ್ಟು ಉಳಿದೆಡೆ ಎಸಿಯ ಅಗತ್ಯವನ್ನೇ ಪ್ರಶ್ನಿಸಬೇಕು.

ತಾರಸಿ ಸೌರದ ಸ್ವಭಾವ

ಸರ್ಕಾರಿ ಕಚೇರಿ ನಡೆಯುವುದು ಹತ್ತರಿಂದ ಐದೂವರೆ. ಸೂರ್ಯನ ಕೆಲಸದ ಹೊತ್ತೂ ಹೆಚ್ಚುಕಡಿಮೆ ಅದೇ. ಹಾಗಾಗಿ ಕಚೇರಿ, ಶಾಲೆ, ಕಾಲೇಜುಗಳಿಗೆ ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಸೌರ ಒಗ್ಗುತ್ತದೆ. ಭಾನುವಾರ, ದಸರಾ ರಜೆ, ಬೇಸಿಗೆ ರಜೆಯಲ್ಲಿ ಹುಟ್ಟಿದ್ದು ಬೆಸ್ಕಾಂ ಜಾಲಕ್ಕೆ ಹೋಗಿ ಲೆಕ್ಕಕ್ಕೆ ಬರಬೇಕು. ಅದಕ್ಕೆ ಎರಡೂ ದಿಕ್ಕಿನ ಮೀಟರು ಇರಬೇಕು. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ 2013ರಲ್ಲಿ ತಾರಸಿ ಸೌರಕ್ಕೆ ಯೂನಿಟ್ಟಿಗೆ 9.56 ರೂಪಾಯಿ, ಸಹಾಯಧನ ಪಡೆದವರಿಗೆ 7.20 ರೂಪಾಯಿ ದರ ನಿಗದಿ ಮಾಡಿತ್ತು. ಫಲಕದ ಬೆಲೆ ಇಳಿದಂತೆ ದರವೂ ಇಳಿಯಿತು. ಈಗ ಮಾರುವುದಕ್ಕಿಂತ ಸ್ವಂತ ಬಳಕೆಯೇ ಲಾಭ.

ಜನ ಬಹಳ ಸಲ ತಪ್ಪು ತಿಳಿಯುವ ಒಂದು ಸಂಗತಿ ಇಲ್ಲಿದೆ. ಜಾಲಕ್ಕೆ ಜೋಡಿಸಿದ ಸಾದಾ ಸೌರ ಘಟಕ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ತಂತಿಯಲ್ಲಿ ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ತಾರಸಿಯಿಂದ ಹರಿದ ವಿದ್ಯುತ್ ಹೊಡೆಯಬಾರದೆಂದು ಈ ಏರ್ಪಾಡು. ಕರೆಂಟು ಹೋದಾಗಲೂ ಪಹಣಿ ಕೊಡುವ ಕಂಪ್ಯೂಟರು ನಡೆಯಬೇಕಾದರೆ ಬ್ಯಾಟರಿ ಸಹಿತದ ಹೈಬ್ರಿಡ್ ಇನ್ವರ್ಟರ್ ಬೇಕು. ಎಸ್ಟಿಮೇಟು ಹಾಕುವಾಗಲೇ ಇದನ್ನು ತೀರ್ಮಾನಿಸಬೇಕು.

ಫಲಕದ ಆಯಸ್ಸು 25 ವರ್ಷ. ಇನ್ವರ್ಟರ್ ಅಷ್ಟು ಬಾಳದು, ಸೀಸದ ಬ್ಯಾಟರಿ ಇನ್ನೂ ಕಡಿಮೆ. ಫಲಕದ ಮೇಲೆ ಧೂಳು ಕೂತರೆ ಉತ್ಪಾದನೆ ಇಳಿಯುತ್ತದೆ. ಬೇಸಿಗೆಯಲ್ಲಿ ವಾರ ಹದಿನೈದು ದಿನಕ್ಕೊಮ್ಮೆ ಒರೆಸಬೇಕು. ತಾರಸಿಗೆ ಏಣಿ ಇಲ್ಲ, ನೀರಿನ ನಲ್ಲಿ ಇಲ್ಲ, ಒರೆಸುವ ಕೆಲಸ ಯಾರ ಪಟ್ಟಿಯಲ್ಲೂ ಇಲ್ಲ. ಘಟಕ ಹಾಕಿದ ಗುತ್ತಿಗೆದಾರನ ನಿರ್ವಹಣಾ ಅವಧಿ ಸಾಮಾನ್ಯವಾಗಿ ಐದು ವರ್ಷ. ಆರನೆಯ ವರ್ಷ ಫ್ಯೂಸು ಹೋದರೂ ಘಟಕ ಸತ್ತಂತೆಯೇ. ಪುರದ ಹುಡುಗರು ಎಂಜಿನ್ ನೋಡಿಕೊಂಡ ಹಾಗೆ ಗ್ರಾಮ ಪಂಚಾಯಿತಿಯ ನೀರುಗಂಟಿಗೋ ಐಟಿಐ ಕಲಿತ ಊರಿನ ಹುಡುಗಿಗೋ ತರಬೇತಿ ಕೊಟ್ಟು, ಹೋಬಳಿಯ ಹತ್ತಿಪ್ಪತ್ತು ಕಟ್ಟಡಗಳನ್ನು ಒಪ್ಪಿಸಿ, ತಿಂಗಳ ಗೌರವಧನ ಕೊಡುವುದು ಇದಕ್ಕೆ ದಾರಿ.

ರಾತ್ರಿಯ ಕಟ್ಟಡಗಳು

ಆಸ್ಪತ್ರೆ, ಹಾಸ್ಟೆಲ್ಲುಗಳ ಕಥೆ ಬೇರೆ. ಹೆರಿಗೆ ರಾತ್ರಿಯೂ ಆಗುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿಯ ನಡುವೆ ಇಡೀ ದಿನ ಕಾಪಾಡಬೇಕು. ನವಜಾತ ಶಿಶುವಿನ ಬೆಚ್ಚನೆ ತೊಟ್ಟಿಲಿಗೆ ಕರೆಂಟು ಹತ್ತು ನಿಮಿಷವೂ ತಪ್ಪಬಾರದು. ಇಲ್ಲಿ ಬ್ಯಾಟರಿ ಬೇಕೇ ಬೇಕು, ಖರ್ಚು ಹೆಚ್ಚಾದರೂ ಸರಿ. ಬೆಂಗಳೂರಿನ ಸೆಲ್ಕೋ ಪ್ರತಿಷ್ಠಾನ ಹಲವು ರಾಜ್ಯಗಳ ಸರ್ಕಾರಗಳ ಜೊತೆ ಸೇರಿ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರಗಳಿಗೆ ಇಂಥ ವ್ಯವಸ್ಥೆ ಮಾಡುತ್ತ ಬಂದಿದೆ. ಕರ್ನಾಟಕದ ಆರೋಗ್ಯ ಇಲಾಖೆಯೂ ಅದರಲ್ಲಿ ಪಾಲುದಾರ. ಸೆಲ್ಕೋ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು.

ತುಮಕೂರು ವಿದ್ಯಾರ್ಥಿನಿಲಯಗಳ ಊರು. ಬೆಳಗ್ಗೆ ಆರಕ್ಕೆ ನೂರು ಮಕ್ಕಳಿಗೆ ಬಿಸಿನೀರು ಬೇಕು. ಸೌರ ಹೀಟರು ಇದಕ್ಕೆ ತಕ್ಕ ಸಾಧನ, ಆದರೆ ಈ ಜಿಲ್ಲೆಯ ಕೊಳವೆಬಾವಿ ನೀರು ಗಡಸು. ಗಾಜಿನ ಕೊಳವೆಗಳಲ್ಲಿ, ತಾಮ್ರದ ಪೈಪುಗಳಲ್ಲಿ ವರ್ಷ ಎರಡು ವರ್ಷಕ್ಕೆ ಸುಣ್ಣದ ಹೆಪ್ಪು ಕಟ್ಟುತ್ತದೆ. ಆಮೇಲೆ ನೀರು ಉಗುರುಬೆಚ್ಚಗೆ ಬರುತ್ತದೆ. ವಾರ್ಡನ್ ಮತ್ತೆ ಸೌದೆ ಬಾಯ್ಲರಿಗೆ ತಿರುಗುತ್ತಾರೆ. ಗಡಸು ನೀರಿನ ಊರುಗಳಲ್ಲಿ ಬಳಸುವ ನೀರಿನ ಸುತ್ತು ಬೇರೆ, ಬಿಸಿಲಿನಲ್ಲಿ ಸುತ್ತುವ ನೀರು ಬೇರೆ ಇರುವ ಹೀಟರುಗಳನ್ನೇ ಕೊಳ್ಳಬೇಕು, ಇಲ್ಲವೇ ಮಳೆನೀರು ಕೂಡಿಟ್ಟು ಅದನ್ನೇ ಹೀಟರಿಗೆ ಬಿಡಬೇಕು.

ಶಾಲೆ, ಅಂಗನವಾಡಿ, ಹಾಸ್ಟೆಲ್ಲುಗಳಲ್ಲಿ ಅತಿ ಹೆಚ್ಚು ಶಕ್ತಿ ಖರ್ಚಾಗುವುದು ದೀಪಕ್ಕಲ್ಲ, ಅಡುಗೆಗೆ. ಅಕ್ಷರ ದಾಸೋಹದ ಸಿಲಿಂಡರನ್ನು ಯಾವ ವಿದ್ಯುತ್ ಲೆಕ್ಕಪರಿಶೋಧನೆಯೂ ಎಣಿಸುವುದಿಲ್ಲ. ಅಡುಗೆ ಮನೆಯ ಕಸ, ಉಳಿದ ಅನ್ನ ಹಾಕುವ ಜೈವಿಕ ಅನಿಲ ತೊಟ್ಟಿ ಒಂದು ದೊಡ್ಡ ಹಾಸ್ಟೆಲಿಗೆ ಚೆನ್ನಾಗಿ ಒಪ್ಪುತ್ತದೆ. ಉಂಗ್ರದ ಕೆಲಸ ಈ ಅಡುಗೆಮನೆಗಳಿಗೆ ಇನ್ನೂ ತಲುಪಬೇಕಾಗಿದೆ.

ಬಿಲ್ಲು ಓದುವವರು

ಮನೆಯಲ್ಲಿ ಬಿಲ್ಲು ಹೆಚ್ಚು ಬಂದರೆ ಕೂಗಾಡುತ್ತೇವೆ. ಕಚೇರಿಯ ಬಿಲ್ಲು ಒಂದು ಲೆಕ್ಕಶೀರ್ಷಿಕೆಯಿಂದ ಹೋಗುತ್ತದೆ. ಉಳಿಸಿದರೆ ಹಣ ಖಜಾನೆಗೆ ಹಿಂದಿರುಗುತ್ತದೆ, ಉಳಿಸಿದ ಕಚೇರಿಗೆ ಒಂದು ಫ್ಯಾನೂ ಬರುವುದಿಲ್ಲ. ಎಲ್‌ಇಡಿ ಕೊಳ್ಳಲು ಬೇರೆ ಶೀರ್ಷಿಕೆ ಬೇಕು, ಅದರಲ್ಲಿ ಹಣವಿಲ್ಲ. ಬೀದಿದೀಪ, ಕುಡಿಯುವ ನೀರಿನ ಪಂಪುಗಳ ಬಾಬ್ತು ಗ್ರಾಮ ಪಂಚಾಯಿತಿಗಳು ವಿದ್ಯುತ್ ಕಂಪನಿಗಳಿಗೆ ಇಟ್ಟಿರುವ ಬಾಕಿ ರಾಜ್ಯದ ಹಳೆಯ ತಲೆನೋವು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ಘೋಷಣೆಯಾಯಿತು. ಬಿಲ್ಲು ಕಟ್ಟಲಾರದೆ ಕತ್ತಲಲ್ಲಿ ಕೂರುತ್ತಿದ್ದ ಶಾಲೆಗಳಿಗೆ ಇದು ನ್ಯಾಯವೇ ಸರಿ. ಆದರೆ ಬಿಲ್ಲು ಮುಖ್ಯೋಪಾಧ್ಯಾಯರ ಮೇಜಿಗೆ ಬರುವುದೇ ನಿಂತರೆ ಖರ್ಚಿನ ಅರಿವೂ ಹೋಗುತ್ತದೆ; ಹಣ ಕಟ್ಟದಿದ್ದರೂ ಯೂನಿಟ್ ಎಷ್ಟೆಂದು ಶಾಲೆಗೆ ತಿಳಿಸುತ್ತಲೇ ಇರಬೇಕು.

ಕಂಪನಿಯೇ ಬಂಡವಾಳ ಹಾಕಿ ತಾರಸಿಗೆ ಸೌರ ಕೂರಿಸಿ, ಯೂನಿಟ್ ಲೆಕ್ಕದಲ್ಲಿ ಹಣ ಪಡೆಯುವ ರೆಸ್ಕೋ ಪದ್ಧತಿಗೂ ಬಿಲ್ಲು ಬಾಕಿ ಉಳಿಸುವ ಈ ರೂಢಿಯೇ ಅಡ್ಡಿ. ಕಚೇರಿ ತಿಂಗಳ ಹಣ ಸಕಾಲಕ್ಕೆ ಕೊಡುವುದೆಂಬ ಭರವಸೆಯಿಲ್ಲದೆ ಕಂಪನಿ ಮುಂದೆ ಬರುವುದಿಲ್ಲ. ಉಳಿತಾಯದ ಅರ್ಧ ಪಾಲನ್ನು ಎರಡು ಮೂರು ವರ್ಷ ಆ ಕಚೇರಿಗೇ ಬಿಟ್ಟುಕೊಡುವ ಒಂದು ಆದೇಶ ಹಣಕಾಸು ಇಲಾಖೆಯಿಂದ ಬಂದರೆ ಹತ್ತು ಜಾಗೃತಿ ಕಾರ್ಯಕ್ರಮಗಳಿಗಿಂತ ಹೆಚ್ಚು ಕೆಲಸವಾಗುತ್ತದೆ.

ಇನ್ನೊಂದು ಪುಟ್ಟ ಸಂಗತಿ. ಬಿಲ್ಲಿನಲ್ಲಿ ಮಂಜೂರಾದ ಲೋಡು ಎಂದಿರುತ್ತದೆ. ನಿಗದಿತ ಶುಲ್ಕ ಅದರ ಮೇಲೆ. ಹಳೆ ಟ್ಯೂಬು, ಹಳೆ ಫ್ಯಾನುಗಳ ಕಾಲದಲ್ಲಿ ಬರೆಸಿದ ಲೋಡನ್ನು ಎಲ್‌ಇಡಿ ಹಾಕಿದ ಮೇಲೂ ಯಾರೂ ಇಳಿಸುವುದಿಲ್ಲ. ಬೆಸ್ಕಾಂ ಸೆಕ್ಷನ್ ಆಫೀಸಿಗೆ ಒಂದು ಅರ್ಜಿ ಕೊಟ್ಟರೆ ಆಗುವ ಕೆಲಸ ಇದು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಅಂಥ ವಿಶಾಲ ಚಾವಣಿಗಳಿಗೆ ಎಂಜಿನಿಯರುಗಳಿದ್ದಾರೆ, ಹಣವಿದೆ. ಅದೇ ತಾಲ್ಲೂಕಿನ ಸಿ. ಎಸ್. ಪುರದ, ಚೇಳೂರಿನ, ನಿಟ್ಟೂರಿನ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ ಇರುವುದು ಊರಿನ ಜನ ಮಾತ್ರ. ಗ್ರಾಮಸಭೆಯಲ್ಲಿ ಆ ಕಟ್ಟಡಗಳ ಆರ್‌ಆರ್ ನಂಬರ್, ಕಳೆದ ಹನ್ನೆರಡು ತಿಂಗಳ ಯೂನಿಟ್, ಮಂಜೂರಾದ ಲೋಡು, ತಾರಸಿಯ ಘಟಕ ನಡೆಯುತ್ತಿದೆಯೇ ಎಂಬ ನಾಲ್ಕು ವಿವರವನ್ನು ಓದಿ ಹೇಳುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು (ಪಿಡಿಒ) ಕೇಳುವ ಹಕ್ಕು ಪ್ರತಿ ಮತದಾರರಿಗೂ ಇದೆ. ಮುಂದಿನ ಗ್ರಾಮಸಭೆಯಲ್ಲಿ ಓದುಗರು ಅದನ್ನು ಕೇಳಬೇಕು.